ಕರೆ ಹಿಡಿದ ಬೆರಳಿನ ರಕ್ತ

ನನ್ನ ಹೆಸರಿನಲ್ಲಿ ಅಚ್ಚಾದ ಲೇಖನಗಳ ಪೈಕಿ ಒಂದರ ಮೇಲೆ ಈಗ ಪುಟದ ಉದ್ದಕ್ಕೂ ಓರೆಯಾಗಿ ಒಂದು ಕೆಂಪು ಪದವಿದೆ. ಇಂಗ್ಲಿಷಿನಲ್ಲಿರುವ ಆ ಪದಕ್ಕೆ ‘ಹಿಂದಕ್ಕೆ ಪಡೆಯಲಾಗಿದೆ’ ಎಂದು ಅರ್ಥ. ಜಗತ್ತಿನ ಯಾವ ಮೂಲೆಯಲ್ಲಿ ಕುಳಿತು ತೆರೆದರೂ ಮೊದಲು ಕಣ್ಣಿಗೆ ಬೀಳುವುದು ಅದೇ. ಅದನ್ನು ಹಾಕಿಸಿದವಳು ನಾನೇ. ಇಷ್ಟಕ್ಕೇ ನಿಲ್ಲಿಸಿದರೆ ನಾನು ಬಹಳ ಪ್ರಾಮಾಣಿಕಳಂತೆ ಕಾಣುತ್ತೇನೆ. ಸಭೆಗಳಲ್ಲಿ ಇಬ್ಬರು ಮೂವರು ಹಾಗೆಂದು ಹೊಗಳಿಯೂ ಇದ್ದಾರೆ. ಆಗೆಲ್ಲ ನಾನು ತಲೆ ತಗ್ಗಿಸಿ ಸುಮ್ಮನಾದೆ, ಅವರು ಅದನ್ನು ವಿನಯ ಎಂದುಕೊಂಡರು. ಆದ್ದರಿಂದ ಉಳಿದದ್ದನ್ನೂ ಬರೆಯಬೇಕಾಗಿದೆ.

ನಾನು ಕೆಲಸ ಮಾಡುವುದು ಕೆಂಪು ರಕ್ತಕಣಗಳ ಮೇಲೆ. ರಕ್ತದಲ್ಲಿ ಕೆಂಪು ಕಣ ಎಷ್ಟಿದೆ ಎಂಬುದನ್ನು ಯಾವ ಲ್ಯಾಬಿನವರಾದರೂ ಹೇಳುತ್ತಾರೆ. ನನಗೆ ಬೇಕಾದದ್ದು ಅದು ಎಷ್ಟು ಮೆತ್ತಗಿದೆ ಎಂಬುದು. ನಮ್ಮ ಮೈಯೊಳಗಿನ ಅತಿ ಸಣ್ಣ ನಾಳಗಳು ರಕ್ತಕಣಕ್ಕಿಂತ ಕಿರಿದಾಗಿರುತ್ತವೆ. ಬೇಲಿಯ ಕಿಂಡಿಯಲ್ಲಿ ಬೆಕ್ಕು ಮೈ ಸಣ್ಣ ಮಾಡಿಕೊಂಡು ನುಸುಳುವ ಹಾಗೆ ಕಣವೂ ಮಡಚಿಕೊಂಡು ನುಸುಳಿ ಆಮ್ಲಜನಕವನ್ನು ತಲುಪಿಸಬೇಕು. ಪೆಡಸಾದ ಕಣ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಇದನ್ನು ಅಳೆಯಲು ನಮ್ಮಲ್ಲಿ ಒಂದು ಸಣ್ಣ ಉಪಕರಣವಿತ್ತು, ಕೈಚೀಲದಲ್ಲಿ ಹಿಡಿಯುವಷ್ಟು. ರಕ್ತವನ್ನು ಒಂದು ದ್ರಾವಣದಲ್ಲಿ ತೆಳುವಾಗಿಸಿ ಅತಿ ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ಹಾಯಿಸುವುದು, ಎಷ್ಟು ಹೊತ್ತು ಹಿಡಿಯಿತು ಎಂದು ನೋಡುವುದು. ಬೇಗ ಇಳಿದರೆ ಮೆತ್ತಗಿನ ಕಣ, ತಡವಾದರೆ ಪೆಡಸು. ಅಷ್ಟೇ.

ಇದನ್ನು ಎತ್ತಿಕೊಂಡು ನಮ್ಮ ಕಡೆಗೇ ಬಂದೆ. ಅಡಿಕೆ ಸುಲಿಯುವ ಹೆಂಗಸರಲ್ಲಿ ಸುಸ್ತು, ಉಬ್ಬಸ, ಕಾಲು ನೋವು ಹೆಚ್ಚು ಎಂದು ಕೇಳಿದ್ದೆ. ಅವರ ರಕ್ತಕಣ ಹೇಗಿದೆ ಎಂದು ಯಾರೂ ನೋಡಿರಲಿಲ್ಲ. ವಿಷಯ ನನ್ನದೇ ಎಂದು ಅನಿಸಿತು. ನಾನು ಸಾಗರ ತಾಲ್ಲೂಕಿನವಳು, ಕೆಳದಿಯಿಂದ ಬಸ್ಸು ಹತ್ತಿ ಸಾಗರದ ಹೈಸ್ಕೂಲಿಗೆ ಹೋದವಳು. ಸುಗ್ಗಿಯಲ್ಲಿ ನಾನೂ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದಿದ್ದೇನೆ. ಹಸಿ ಅಡಿಕೆಯ ಒಗರು ರಸ ಬೆರಳಿಗೆ ಹಿಡಿದು ಒಣಗಿದರೆ ಕಪ್ಪು ಕರೆಯಾಗುತ್ತದೆ. ಸೋಪಿಗೆ ಜಗ್ಗುವುದಿಲ್ಲ. ಹೈಸ್ಕೂಲಿನಲ್ಲಿ ಪೇಟೆಯ ಹುಡುಗಿಯರು ನನ್ನ ಕೈ ನೋಡಿ ಬಾಣಲೆ ತಿಕ್ಕಿ ಬಂದೆಯಾ ಎಂದು ಕೇಳುತ್ತಿದ್ದರು. ನಾನು ಬೆಳಗ್ಗೆ ಎದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ನಿಂಬೆಹಣ್ಣಿನ ಹೋಳಿನಿಂದ ಬೆರಳುಗಳನ್ನು ಉರಿ ಬರುವ ತನಕ ತಿಕ್ಕುತ್ತಿದ್ದೆ. ಆ ಕರೆಯಿಂದ ತಪ್ಪಿಸಿಕೊಳ್ಳಲಿಕ್ಕೇ ಓದಿದೆ ಎಂದರೂ ತಪ್ಪಾಗದು.

ಇಷ್ಟೆಲ್ಲ ಗೊತ್ತಿದ್ದವಳು ನಾನು. ಬೇರೆ ಊರಿನಿಂದ ಬಂದ ಯಾರೋ ಈ ತಪ್ಪು ಮಾಡಿದ್ದರೆ ಕ್ಷಮಿಸಬಹುದಿತ್ತು. ಬೇರೆ ಊರಿನವರಾಗಿದ್ದರೆ ಮಾಡುತ್ತಲೂ ಇರಲಿಲ್ಲವೇನೋ. ಆ ಕಪ್ಪು ಕೈಗಳನ್ನು ಕಂಡು ಇದೇನಿದು ಎಂದು ಕೇಳಿರುತ್ತಿದ್ದರು. ನನಗೆ ಕೇಳಬೇಕೆಂದೇ ಅನಿಸಲಿಲ್ಲ. ಅಡಿಕೆ ಸುಲಿಯುವವರ ಕೈ ಮತ್ತೆ ಹೇಗಿರುತ್ತದೆ?

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದೊಡ್ಡ ತಗಡಿನ ಶೆಡ್ಡು. ಸುಲಿಯುವ ಯಂತ್ರ ಒಂದು ಮೂಲೆಯಲ್ಲಿ ಕೆಟ್ಟು ಕೂತಿತ್ತು, ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೆಲಸ ನಡೆಸಿದ್ದರು. ತೋಳಿನಿಂದ ಸಿರಿಂಜಿನಲ್ಲಿ ರಕ್ತ ತೆಗೆಯುತ್ತೇನೆಂದರೆ ಅರ್ಧ ಜನ ಎದ್ದು ಹೋಗುತ್ತಿದ್ದರು. ಅದಕ್ಕೇ ಬೆರಳು ಚುಚ್ಚಿ ಹನಿ ತೆಗೆಯುವುದೆಂದು ನಿರ್ಧರಿಸಿದ್ದೆ. ಧಣಿಗಳು ಕೊಟ್ಟದ್ದು ಚಹಾದ ಬಿಡುವಿನ ಹೊತ್ತು ಮಾತ್ರ. ನಾನು ಅವಸರದಲ್ಲಿದ್ದೆ.

ಸಾಲಿನಲ್ಲಿ ಮೊದಲು ಕೂತಿದ್ದವಳು ನನಗಿಂತ ಹತ್ತು ವರ್ಷ ಹಿರಿಯಳಿರಬೇಕು. ತೆಳ್ಳಗೆ, ಚುರುಕು ಕಣ್ಣು, ಮಾತಾಡುವಾಗಲೂ ಕೈ ನಿಲ್ಲುತ್ತಿರಲಿಲ್ಲ. ಸ್ಪಿರಿಟ್ ಹಾಕಿದ ಹತ್ತಿ ಹಿಡಿದು ನಾನು ಹತ್ತಿರ ಹೋದಾಗ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ಒಂಚೂರು ತಡೀರಮ್ಮ. ಕೈ ತೊಳ್ಕಂಡು ಬತ್ತೀನಿ. ಈ ಕರೆ ನಿಮ್ಮ ಸ್ಪಿರಿಟ್ಟಿಗೆಲ್ಲ ಹೋಗಾದಲ್ಲ, ಹುಳಿ ಹಾಕಿ ತಿಕ್ಬೇಕು.”

“ಬೇಡ ಬಿಡಕ್ಕ. ಫೋಟೊ ಏನೂ ಹೊಡಿಯಲ್ಲ, ರಕ್ತ ಮಾತ್ರ ತಗೊಳ್ಳೋದು” ಎಂದೆ.

ಎಲ್ಲರೂ ನಕ್ಕರು. ಅವಳೂ ನಕ್ಕಳು, ಸ್ವಲ್ಪ ನಾಚಿಕೆಯಿಂದ. ಮತ್ತೆ ಕೈ ಚಾಚಿದಳು. ನಾನು ಹತ್ತಿಯಿಂದ ಒರೆಸಿದೆ, ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಕಣ್ಣಾರೆ ನೋಡಿದೆ. ನೋಡಿ ಬಕೆಟ್ಟಿಗೆ ಹಾಕಿದೆ, ಬೆರಳು ಚುಚ್ಚಿದೆ, ಹನಿಯನ್ನು ಸಣ್ಣ ಕೊಳವೆಗೆ ಹಿಡಿದೆ. ನಂತರ ಅವಳ ಪಕ್ಕದವಳು, ಆಮೇಲೆ ಅವಳ ಪಕ್ಕದವಳು. ಹೀಗೆ ಎರಡು ಸುಗ್ಗಿ, ಹಲವು ಶೆಡ್ಡು. ಹೋಲಿಸಿ ನೋಡಲು ತೀರ್ಥಹಳ್ಳಿಯಲ್ಲಿ ಶಾಲಾ ಶಿಕ್ಷಕಿಯರ ರಕ್ತವನ್ನೂ ಅದೇ ಬಗೆಯ ಹತ್ತಿ, ಅದೇ ಬಗೆಯ ಸೂಜಿಯಲ್ಲಿ ತೆಗೆದೆ. ಅವರ ಬೆರಳಿಗೆ ಅಂಟಿದ್ದದ್ದು ಸೀಮೆಸುಣ್ಣ ಮಾತ್ರ.

ಫಲಿತಾಂಶ ಬಂದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಶಿಕ್ಷಕಿಯರ ರಕ್ತ ಸರಸರನೆ ಇಳಿದಿತ್ತು, ಸುಲಿಯುವವರ ರಕ್ತ ಪೊರೆಯಲ್ಲಿ ತಡವರಿಸಿತ್ತು. ಎಲೆಅಡಿಕೆ ಹಾಕುವುದೇ ಕಾರಣವೆಂದು ಬರೆಯಲು ಹೊರಟೆ. ಒಂದೇ ತೊಡಕು, ಎಲೆಅಡಿಕೆಯನ್ನು ಬಾಯಿಗೇ ಹಾಕದವರ ಕಣಗಳೂ ಅಷ್ಟೇ ಪೆಡಸಾಗಿದ್ದವು. ಅಲ್ಲಿಯಾದರೂ ನಿಂತು ಯೋಚಿಸಬೇಕಿತ್ತು. ಬದಲಿಗೆ, ಅಡಿಕೆಯ ಅಂಶ ವರ್ಷಗಟ್ಟಲೆ ಚರ್ಮದ ಮೂಲಕ ಮೈಗೆ ಇಳಿಯುತ್ತಿರಬಹುದು ಎಂದು ಒಂದು ಉದ್ದದ ವಾಕ್ಯ ಬರೆದೆ. ಚೆಂದದ ವಾಕ್ಯ ಅದು. ಪರಿಶೀಲಿಸಿದ ಪಂಡಿತರು ಅದನ್ನೇ ಮೆಚ್ಚಿಕೊಂಡಿದ್ದರು.

ಲೇಖನ ಅಚ್ಚಾಯಿತು. ನಮ್ಮ ವಿಭಾಗದ ಮುಖ್ಯಸ್ಥರು ಸಿಹಿ ಹಂಚಿದರು. ಸ್ಥಳೀಯ ಪತ್ರಿಕೆಯೊಂದರವರು ಫೋನು ಮಾಡಿ ಕೇಳಿ, ಅಡಿಕೆ ಸುಲಿಯುವ ಮಹಿಳೆಯರ ರಕ್ತದಲ್ಲಿ ದೋಷ ಎಂದು ದೊಡ್ಡಕ್ಷರದಲ್ಲಿ ಹಾಕಿದರು. ದೋಷ ಎಂಬ ಮಾತನ್ನು ನಾನು ಆಡಿರಲಿಲ್ಲ. ಆದರೆ ತಿದ್ದಲು ಫೋನನ್ನೂ ಮಾಡಲಿಲ್ಲ. ಪಕ್ಕದಲ್ಲಿ ನನ್ನ ಚಿತ್ರ ಚೆನ್ನಾಗಿ ಬಂದಿತ್ತು. ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡೆ.

ಒಂದು ವರ್ಷವಾದ ಮೇಲೆ, ಸುಗ್ಗಿಯಲ್ಲೇ, ತೀರ್ಥಹಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಬೆರಳು ಚುಚ್ಚಿ ಪುಟ್ಟ ಮೀಟರಿನಲ್ಲಿ ತಾನೇ ನೋಡಿಕೊಳ್ಳುತ್ತಾಳೆ. ನಾನು ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಅವಳು ಮೀಟರು, ರಕ್ತದ ಹನಿ ಹಿಡಿಯುವ ಪಟ್ಟಿ ತೆಗೆದಿಟ್ಟು, ನಿಂಬೆಹೋಳು ಹಿಡಿದು ಒಂದು ಬೆರಳನ್ನು ಮಾತ್ರ ಗಸಗಸ ತಿಕ್ಕತೊಡಗಿದಳು. ಉಳಿದ ಒಂಬತ್ತೂ ಕಪ್ಪಾಗಿಯೇ ಇದ್ದವು.

“ಎಂತ ಮಾಡ್ತಾ ಇದ್ದೆ ಅಕ್ಕ?” ಎಂದೆ.

“ಕರೆ ಇದ್ರೆ ರಕ್ತ ಪಟ್ಟಿಗೆ ಏರ್ತಿಲ್ಲೆ ಕೂಸೆ. ಬೆರಳ ಮೇಲೇ ಮುದ್ದೆ ಆಗ್ತು. ಮೊದ್ಲು ಗೊತ್ತಿಲ್ದೆ ಎಷ್ಟು ಪಟ್ಟಿ ಹಾಳು ಮಾಡಿದ್ದಿ ಆನು” ಎಂದಳು. ಆಮೇಲೆ ನನ್ನ ಮುಖ ನೋಡಿ, “ಎಂತಾತು? ಚಾ ಕುಡಿ, ಆರ್ತು” ಎಂದಳು.

ಚಹಾ ಆರಿಯೇ ಹೋಯಿತು. ಒಗರು ಎಂದರೇನು ಎಂಬುದನ್ನು ವಿದ್ಯಾರ್ಥಿಗಳಿಗೆ ಪಾಠ ಮಾಡುವವಳೇ ನಾನು. ಚರ್ಮ ಹದ ಮಾಡುವವರು ಮರದ ತೊಗಟೆಯ ಒಗರಿನಲ್ಲೇ ತೊಗಲನ್ನು ನೆನೆಸಿ ಗಟ್ಟಿ ಮಾಡುತ್ತಾರೆ. ಅದೇ ಒಗರು ತಾಗಿದರೆ ಕೆಂಪು ಕಣದ ಪೊರೆಯೂ ಬಿಗಿಯುತ್ತದೆ, ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದು ಹಳೆಯ ಪಠ್ಯಪುಸ್ತಕದಲ್ಲೇ ಇರುವ ಸಂಗತಿ. ಆ ಹೆಂಗಸರ ರಕ್ತ ಮೈಯೊಳಗಿರುವ ತನಕ ಚೆನ್ನಾಗಿಯೇ ಇತ್ತು. ಹೊರಗೆ ಬಂದು ಕರೆ ಹಿಡಿದ ಬೆರಳ ತುದಿಯಲ್ಲಿ ಒಂದು ಕ್ಷಣ ನಿಂತಿತಲ್ಲ, ಪೆಡಸಾದದ್ದು ಅಲ್ಲಿ. ನನ್ನ ಸ್ಪಿರಿಟ್ಟು ಒಣಗಿದ ಕರೆಯನ್ನು ತೆಗೆಯುವ ಬದಲು ಕರಗಿಸಿ ತುದಿಗೆಲ್ಲ ಬಳಿದಿತ್ತು.

ಅಕ್ಕನ ಮನೆಯಿಂದ ನಾಲ್ಕು ಹಸಿ ಅಡಿಕೆ ಕೇಳಿ ತಂದೆ. ಲ್ಯಾಬಿನಲ್ಲಿ ಒಬ್ಬಳೇ ಕೂತು ಸುಲಿದು, ಎಡಗೈ ಬೆರಳಿಗೆ ರಸ ಹಚ್ಚಿ ಒಣಗಿಸಿದೆ. ಬಲಗೈಯನ್ನು ತೊಳೆದುಕೊಂಡೆ. ಎರಡೂ ಕಡೆ ಚುಚ್ಚಿ ರಕ್ತ ತೆಗೆದು ಹಾಯಿಸಿದೆ. ಬಲಗೈಯ ರಕ್ತ ಸರಾಗವಾಗಿ ಇಳಿಯಿತು, ಎಡಗೈಯದು ತಡವರಿಸಿತು. ಮತ್ತೆ ಮತ್ತೆ ಮಾಡಿ ನೋಡಿದೆ. ಒಂದೇ ಮೈಯ ರಕ್ತ, ಒಂದು ಕೈಯಲ್ಲಿ ಶಿಕ್ಷಕಿ, ಇನ್ನೊಂದು ಕೈಯಲ್ಲಿ ಕೂಲಿಯವಳು. ನೆಲ ಬಾಯಿ ಬಿಡಬಾರದೆ ಎನ್ನುತ್ತಾರಲ್ಲ, ಹಾಗಾಯಿತು.

ಅವತ್ತೇ ಲೇಖನ ಅಚ್ಚು ಮಾಡಿದ ನಿಯತಕಾಲಿಕಕ್ಕೆ ಪತ್ರ ಬರೆಯಬಹುದಿತ್ತು. ಬರೆಯಲಿಲ್ಲ. ಎರಡು ತಿಂಗಳಲ್ಲಿ ನನ್ನ ಬಡ್ತಿಯ ಸಂದರ್ಶನವಿತ್ತು, ಅರ್ಜಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಇದೇ ಲೇಖನ. ಇನ್ನೊಮ್ಮೆ ಖಚಿತ ಮಾಡಿಕೊಳ್ಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಖಚಿತವಾಗದೆ ಉಳಿದದ್ದು ಏನೂ ಇರಲಿಲ್ಲ. ನನ್ನ ಎಡಗೈ ಬೆರಳಿನ ಕರೆ ವಾರದಲ್ಲಿ ಮಾಸಿತು, ನಾನು ಎಂದಿನಂತೆ ಪಾಠ ಮಾಡಿಕೊಂಡು ಓಡಾಡಿದೆ.

ಆ ಎರಡು ತಿಂಗಳ ನಡುವೆ ಸಾಗರದಲ್ಲಿ ಒಂದು ಆರೋಗ್ಯ ಸಭೆಗೆ ಕರೆದಿದ್ದರು. ರಕ್ತಹೀನತೆಯ ಬಗ್ಗೆ ಸೊಪ್ಪು, ಬೆಲ್ಲ, ಕಬ್ಬಿಣದ ಮಾತ್ರೆ ಎಂದು ಮಾತಾಡಿ, ಶಾಲು ಹೊದೆಸಿಕೊಂಡು ವೇದಿಕೆಯಿಂದ ಇಳಿದೆ. ಬಾಗಿಲ ಹತ್ತಿರ ಒಬ್ಬಳು ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದಳು.

“ನನ್ ಗುರ್ತು ಸಿಕ್ತಾ ಡಾಕ್ಟ್ರಮ್ಮ? ಕೈ ತೊಳ್ಕಂಬತ್ತೀನಿ ಅಂದಿದ್ನಲ್ಲ, ಅವ್ಳು.”

ಸಿಕ್ಕಿತು. ಅವಳು ಹೊಸನಗರದಿಂದ ಬಸ್ಸಿನಲ್ಲಿ ನನ್ನನ್ನು ನೋಡಲಿಕ್ಕೆಂದೇ ಬಂದಿದ್ದಳು. ಕವರಿನಲ್ಲಿ ರಕ್ತದಾನದ ಪ್ರಮಾಣಪತ್ರಗಳಿದ್ದವು, ಮಡಿಕೆ ಬೀಳದ ಹಾಗೆ ರಟ್ಟಿನ ಮಧ್ಯೆ ಇಟ್ಟುಕೊಂಡಿದ್ದಳು. ಮಗಳ ಬಾಣಂತನದಲ್ಲಿ ಯಾರೋ ಗುರುತಿಲ್ಲದವರ ರಕ್ತದಿಂದ ಮಗಳು ಉಳಿದಳಂತೆ. ಅಂದಿನಿಂದ ವರ್ಷಕ್ಕೊಮ್ಮೆ ಊರಿನ ಹತ್ತಿರ ಶಿಬಿರವಾದಾಗ ಇವಳೂ ಕೊಡುತ್ತಿದ್ದಳು. ನನ್ನ ಸೂಜಿಗೆ ಆ ದಿನ ಅವಳು ಹೆದರದೆ ಮೊದಲು ಬೆರಳು ಕೊಟ್ಟದ್ದು ಯಾಕೆಂದು ಆಗ ತಿಳಿಯಿತು.

“ಈ ಸಲಿ ಶಿಬಿರದಾಗೆ ಎಂತ ಕೆಲ್ಸ ಮಾಡ್ತೀರಿ ಅಂತ ಕೇಳಿದ್ರು. ಅಡಿಕೆ ಸುಲಿಯಾದು ಅಂದೆ. ಪೇಪರ್ನಾಗೆ ಬಂದೈತಲ್ಲ, ನಿಮ್ದು ಬ್ಯಾಡ ಅಂದ್ರು. ಸಾಲಿನಾಗೆ ಎಲ್ಲ ನೋಡ್ತಿದ್ರು, ಎದ್ದು ಬಂದೆ.” ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ದೂರು ಹೇಳಲು ಬಂದವಳೂ ಅಲ್ಲ. “ಅದ್ಕೆ ಏನಿಲ್ಲ ಬಿಡಿ. ಬ್ಯಾಡ ಅಂದ್ರೆ ಬ್ಯಾಡ. ಆದ್ರೆ ಮುಂಚೆ ಕೊಟ್ಟಿದ್ನಲ್ಲ, ಅದು ಯಾರ್ ಮೈಗೆ ಹೋತೋ. ಬಾಣಂತೀರಿರ್ಬೋದು, ಸಣ್ ಮಕ್ಳಿರ್ಬೋದು. ನನ್ ರಕ್ತದಿಂದ ಅವ್ರಿಗೆ ಎಂತಾರೂ ಆಗಿರ್ತದಾ?”

ಇಲ್ಲ ಎಂಬ ಒಂದು ಮಾತು ಸಾಕಿತ್ತು. ಅದು ನನ್ನ ಬಾಯಲ್ಲೇ ಇತ್ತು. ಸಂಘಟಕರು ಊಟಕ್ಕೆ ಕರೆಯುತ್ತ ಪಕ್ಕದಲ್ಲಿ ನಿಂತಿದ್ದರು, ಮುಖ್ಯಸ್ಥರೂ ಅಲ್ಲೇ ಇದ್ದರು. ಇಲ್ಲ ಎಂದರೆ ಯಾಕೆ ಇಲ್ಲ ಎಂದು ಹೇಳಬೇಕಾಗುತ್ತದೆ ಎಂದು ಲೆಕ್ಕ ಹಾಕಿದೆ.

“ಇನ್ನೂ ಸಂಶೋಧನೆ ನಡೀತಾ ಇದೆ. ಈಗಲೇ ಏನೂ ಹೇಳಕ್ಕಾಗಲ್ಲ” ಎಂದೆ.

ಅವಳು ಆಗಲಿ ಎಂದು ತಲೆಯಾಡಿಸಿದಳು. ಕವರನ್ನು ಸೊಂಟಕ್ಕೆ ಅವುಚಿಕೊಂಡು ಬಸ್ ನಿಲ್ದಾಣದ ಕಡೆ ಹೋದಳು. ನಾನು ಊಟಕ್ಕೆ ಹೋದೆ. ಹೋಳಿಗೆ ಇತ್ತು, ತಿಂದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆ ದಿನ ಆಗಿರಲಿಲ್ಲ, ಆದದ್ದು ಬರೇ ಕಿರಿಕಿರಿ. ಇವಳು ಇಲ್ಲಿಗೆ ಯಾಕೆ ಬಂದಳು ಎಂದು.

ಬಡ್ತಿ ಬಂತು. ಆದೇಶ ಕೈಸೇರಿದ ಮೇಲೆ ಪತ್ರ ಬರೆದೆ. ಮುಖ್ಯಸ್ಥರು ಮುಖ ಗಂಟಿಕ್ಕಿಕೊಂಡರು, ಆಮೇಲೆ ಸಹಿ ಹಾಕಿದರು. ವಿದೇಶದ ಆ ನಿಯತಕಾಲಿಕ ಆರು ಸಾಲಿನ ಟಿಪ್ಪಣಿ ಹಾಕಿ ಲೇಖನವನ್ನು ಹಿಂದಕ್ಕೆ ಪಡೆಯಿತು. ಸ್ಥಳೀಯ ಪತ್ರಿಕೆಗೂ ಕಳಿಸಿದೆ. ಹರಾಜಿನ ಜಾಹೀರಾತುಗಳ ಕೆಳಗೆ ಒಂದು ಸಣ್ಣ ಸ್ಪಷ್ಟನೆ ಬಂತು, ಚಿತ್ರವಿಲ್ಲದೆ. ಎಲ್ಲ ಸರಿ ಮಾಡಿದೆ ಎಂದುಕೊಂಡು ಒಂದು ತಿಂಗಳು ಕಳೆದೆ. ಸರಿಯಾಗಿರಲಿಲ್ಲ. ಆ ಆರು ಸಾಲಿನ ಇಂಗ್ಲಿಷು ಯಾರಿಗೆ ತಲುಪಬೇಕಿತ್ತೋ ಅವರಿಗೆ ತಲುಪುವಂಥದ್ದಾಗಿರಲಿಲ್ಲ. ದಿಂಬಿಗೆ ತಲೆ ಕೊಟ್ಟು ಮಲಗಿದರೂ ಅವಳ ಪ್ರಶ್ನೆ ಕಿವಿಯಲ್ಲಿರುತ್ತಿತ್ತು.

ಮುಂದಿನ ಸುಗ್ಗಿಗೆ ಅದೇ ಶೆಡ್ಡಿಗೆ ಹೋದೆ. ಚಹಾದ ಬಿಡುವು. ನನ್ನನ್ನು ಕಂಡು ಕೆಲವರು ಪಿಸುಗುಟ್ಟಿದರು. ಅವಳು ಎದ್ದು ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. ಬಂದು ಎರಡೂ ಕೈ ಮುಂದೆ ಚಾಚಿದಳು. ಬೆರಳುಗಳು ತಿಕ್ಕಿ ತಿಕ್ಕಿ ಕೆಂಪಗಾಗಿದ್ದವು.

“ಈ ಸಲಿ ತೊಳ್ಕಂಡೇ ಬಂದೀನಿ. ತಗಳ್ರಿ.”

ಮತ್ತೆ ರಕ್ತ ತೆಗೆಯಲು ಬಂದಿದ್ದೇನೆ ಎಂದುಕೊಂಡಿದ್ದಳು. ರಕ್ತಕ್ಕೆ ಬಂದಿಲ್ಲ ಎಂದೆ. ಎಲ್ಲರಿಗೂ ಕೇಳುವ ಹಾಗೆ ನಿಂತುಕೊಂಡೇ ಹೇಳಿದೆ. ನಿಮ್ಮ ರಕ್ತದಲ್ಲಿ ಯಾವ ದೋಷವೂ ಇರಲಿಲ್ಲ, ದೋಷವಿದ್ದದ್ದು ನಾನು ತೆಗೆದ ರೀತಿಯಲ್ಲಿ, ಕೈ ತೊಳೆದುಕೊಂಡು ಬರುತ್ತೇನೆಂದು ಈ ಅಕ್ಕ ಹೇಳಿದ್ದೇ ಸರಿಯಿತ್ತು, ನಾನು ಕೇಳಲಿಲ್ಲ. ನೀವು ಕೊಟ್ಟ ರಕ್ತದಿಂದ ಯಾರಿಗೂ ಏನೂ ಆಗಿಲ್ಲ, ಒಳ್ಳೆಯದೇ ಆಗಿದೆ, ಶಿಬಿರದವರಿಗೂ ಬರೆದು ಕೊಟ್ಟಿದ್ದೇನೆ. ಸಾಲಿನಲ್ಲಿದ್ದ ಒಬ್ಬಳು, “ನಮ್ ಹುಡ್ಗಿ ನೋಡಕ್ಕೆ ಬಂದವ್ರೂ ಪೇಪರ್ ಸುದ್ದಿ ಕೇಳಿದ್ರು” ಎಂದು ಮೆಟ್ಟುಗತ್ತಿಯ ಕಡೆ ತಿರುಗಿ ಕೂತಳು.

ತೊಳೆದ ಕೈಯವಳು ನನ್ನನ್ನೇ ನೋಡುತ್ತಿದ್ದಳು.

“ಸಾಗರದಾಗೆ ಕೇಳಿದ್ನಲ್ಲ. ಅವಾಗ ನಿಮ್ಗೆ ಗೊತ್ತಿತ್ತಾ?”

ಗೊತ್ತಿರಲಿಲ್ಲ ಎಂದರೆ ನಂಬುತ್ತಿದ್ದಳು. ಅದೂ ನನಗೆ ಹೊಳೆಯಿತು, ಸುಳ್ಳು ಹೇಳುವುದಿಲ್ಲ.

“ಗೊತ್ತಿತ್ತು” ಎಂದೆ.

ಅವಳು ಬನ್ನಿ ಎಂದು ಹೊರಟಳು. ಅವಳ ಮನೆ ಶೆಡ್ಡಿನ ಹಿಂದೆಯೇ. ದೇವರ ಚಿತ್ರದ ಪಕ್ಕ ಮೊಳೆಗೆ ಒಂದು ಹಳದಿ ಬಟ್ಟೆಯ ಪುಟ್ಟ ಗಂಟು ನೇತಾಡುತ್ತಿತ್ತು. ಅದು ತಪ್ಪುಕಾಣಿಕೆ ಎಂದು ನೋಡಿದೊಡನೆ ತಿಳಿಯಿತು. ತಿಳಿದೋ ತಿಳಿಯದೆಯೋ ತಮ್ಮಿಂದ ತಪ್ಪಾಗಿದೆ ಎಂದು ಮನಸ್ಸಿಗೆ ಬಂದರೆ ಒಂದು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟು ಊರ ದೇವತೆ ಚೌಡಿಗೆ ಒಪ್ಪಿಸುತ್ತಾರೆ. ಒಪ್ಪಿಸುವಾಗ ತಪ್ಪೇನೆಂದು ಬಾಯಿ ಬಿಟ್ಟು ಹೇಳಬೇಕು. ಅದು ಆ ಊರಿನ ರೂಢಿ, ನಮ್ಮ ಊರಿನದೂ ಹೌದು.

“ನನ್ ರಕ್ತ ಹೋದವ್ರಿಗೆ ಎಂತಾರೂ ಆಗಿದ್ರೆ ಅದು ನನ್ ಮೇಲೇ ಇರ್ಲಿ ಅಂತ ಸಾಗರದಿಂದ ಬಂದ್ ದಿನ ಕಟ್ಟಿಟ್ಟೆ. ಈ ಸಲಿ ಚೌಡಿ ಪೂಜೆಗೆ ಹಾಕಾದು ಅಂತಿದ್ದೆ.” ಗಂಟನ್ನು ಮೊಳೆಯಿಂದ ತೆಗೆದು ನನ್ನ ಕೈಯಲ್ಲಿಟ್ಟಳು. “ತಪ್ಪು ನಂದಲ್ಲ ಅಂತ ಆತಲ್ಲ. ಹಂಗಾರೆ ಇದು ನಿಮ್ದು. ಹಾಕಿ ಹೋಗಿ.”

ಕೋಪವೇನೂ ಇರಲಿಲ್ಲ ಅವಳ ದನಿಯಲ್ಲಿ. ಬೇರೆಯವರ ವಸ್ತು ಮನೆಯಲ್ಲಿ ಉಳಿದಿದ್ದರೆ ಕೊಟ್ಟು ಕಳಿಸುವ ಹಾಗೆ ಕೊಟ್ಟಳು. ಚೌಡಿಯ ಕಲ್ಲು ರಸ್ತೆ ತಿರುವಿನ ಮರದ ಕೆಳಗಿತ್ತು. ಅಲ್ಲಿಯ ತನಕ ಅವಳೂ ನಡೆದು ಬಂದಳು. ನಾನು ಚಪ್ಪಲಿ ಬಿಟ್ಟು ಗಂಟನ್ನು ಕಲ್ಲಿನ ಮುಂದೆ ಇಟ್ಟೆ. ಹೇಳಬೇಕಲ್ಲ, ಹೇಳಲು ಶುರು ಮಾಡಿದೆ. ಬೆರಳಿನ ಕರೆ ತೆಗೆಯದೆ ರಕ್ತ ತೆಗೆದೆ, ಅದನ್ನು ನಂಬಿ ತಪ್ಪು ಬರೆದೆ ಎಂದೆ.

“ಅದಲ್ಲ” ಎಂದಳು ಹಿಂದಿನಿಂದ. “ಅದು ಯಾರಿಗಾದ್ರೂ ಆಗ್ತದೆ. ಸಾಗರದ್ದು ಹೇಳಿ.”

ನಾನು ಸಾಗರದ್ದು ಹೇಳಿದೆ.